ಮೇನ್ ಎಲ್ಲಿ ಹೋಯ್ತು?

ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್. ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತವರೆಲ್ಲ ಮೊದಲ ದಿನ ಉರು ಹೊಡೆದದ್ದು ಈ ಸಾಲನ್ನೇ. ಪಬ್ಲಿಕ್ ಯಾಕೆ, ಸ್ಟ್ಯಾಟಿಕ್ ಯಾಕೆ ಅಂತ ಕೇಳಿದರೆ "ಅದೆಲ್ಲ ಮುಂದೆ ಗೊತ್ತಾಗುತ್ತೆ, ಈಗ ಸುಮ್ನೆ ಬರ್ಕೊಳ್ಳಿ" ಅನ್ನುತ್ತಾರೆ. ನಾನೂ ಬರ್ಕೊಂಡೆ. ಪ್ರೋಗ್ರಾಂ ಅಂದರೆ ಮೇನ್‌ನಲ್ಲಿ ಶುರುವಾಗಿ ಮೇನ್ ಮುಗಿದಾಗ ಮುಗಿಯುವಂಥದ್ದು ಅಂತ ತಲೆಯಲ್ಲಿ ಕೂತುಬಿಟ್ಟಿತು.

ಆಮೇಲೆ ಕೆಲಸಕ್ಕೆ ಸೇರಿದೆ. ಮೊದಲ ಕೆಲಸ ಕೀಪ್ಯಾಡ್ ಫೋನಿಗೆ ಆಟ ಬರೆಯುವುದು. ಕೋಡ್ ತೆರೆದು ನೋಡಿದರೆ ಮೇನ್ ಇಲ್ಲ. ಕೆಲವು ವರ್ಷ ಬಿಟ್ಟು ಸ್ಮಾರ್ಟ್ ಕಾರ್ಡ್ ಕೆಲಸ ಬಂತು, ಅಲ್ಲೂ ಇಲ್ಲ. ಸರ್ವರ್ ಕಡೆ ಹೋದೆ, ಎಲ್ಲೋ ಒಂದು ಕಡೆ ಇತ್ತು, ಆದರೆ ಅದು ನಾನು ಬರೆದದ್ದಲ್ಲ. ಆಂಡ್ರಾಯ್ಡ್‌ನಲ್ಲಿ ಹುಡುಕುವ ಗೋಜಿಗೇ ಹೋಗಲಿಲ್ಲ. ಇಷ್ಟು ವರ್ಷ ಜಾವಾ ನಂಬಿಕೊಂಡೇ ಹೊಟ್ಟೆ ಹೊರೆದಿದ್ದೇನೆ, ಸಂಬಳ ಬರುವ ಕೆಲಸಕ್ಕೆ ಮೇನ್ ಬರೆದದ್ದು ಮಾತ್ರ ಬೆರಳಲ್ಲಿ ಎಣಿಸಬಹುದು.

ಜಾವಾ ಇನ್‌ಸ್ಟಾಲ್ ಮಾಡುವಾಗ ಒಂದು ಪರದೆ ಬರುತ್ತಿತ್ತು, ನೆನಪಿದೆಯಾ? 300 ಕೋಟಿ ಡಿವೈಸ್‌ಗಳಲ್ಲಿ ಜಾವಾ ಓಡುತ್ತಿದೆ ಅಂತ. ವರ್ಷಗಟ್ಟಲೆ ಅದೇ ಅಂಕಿ. ಅದರ ಮೇಲೆ ಎಷ್ಟು ಜೋಕ್ ಬಂದವೋ ಲೆಕ್ಕವಿಲ್ಲ. ನನಗೆ ಅಂಕಿಯ ಬಗ್ಗೆ ತಕರಾರಿಲ್ಲ. ಅಷ್ಟೂ ಕಡೆ ಓಡುತ್ತಿರುವುದು ಒಂದೇ ಜಾವಾನಾ ಅನ್ನುವುದು ನನ್ನ ಪ್ರಶ್ನೆ. ಹೆಸರು ಒಂದೇ, ಬ್ರ್ಯಾಕೆಟ್ಟು ಸೆಮಿಕೋಲನ್ನು ಒಂದೇ. ಆದರೆ ಕಾರ್ಡಿನಲ್ಲಿ ಬರೆದ ಅಭ್ಯಾಸದಲ್ಲೇ ಸರ್ವರ್‌ನಲ್ಲಿ ಬರೆದರೆ ಒದೆ ತಿನ್ನುತ್ತೀರಿ. ನಾನು ತಿಂದಿದ್ದೇನೆ.

ಇದು ಹುಟ್ಟಿದ್ದೇ ಸಣ್ಣಪುಟ್ಟ ಡಿವೈಸ್‌ಗಳಿಗಾಗಿ ಅನ್ನುವುದನ್ನು ತುಂಬಾ ಜನ ಮರೆತಿದ್ದಾರೆ. 1991ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಗ್ರೀನ್ ಪ್ರಾಜೆಕ್ಟ್ ಅಂತ ಒಂದು ಸಣ್ಣ ತಂಡ ಶುರುವಾಯಿತು. ಜೇಮ್ಸ್ ಗಾಸ್ಲಿಂಗ್, ಮೈಕ್ ಶೆರಿಡನ್, ಪ್ಯಾಟ್ರಿಕ್ ನಾಟನ್ ಅದರಲ್ಲಿದ್ದರು. ಮನೆಯಲ್ಲಿರುವ ಎಲೆಕ್ಟ್ರಾನಿಕ್ ವಸ್ತುಗಳನ್ನೆಲ್ಲ ಕೈಯಲ್ಲಿ ಹಿಡಿದ ಒಂದು ಪೆಟ್ಟಿಗೆಯಿಂದ ಆಡಿಸಬೇಕು ಅನ್ನುವುದು ಯೋಚನೆ. ತೊಂದರೆ ಏನೆಂದರೆ ಇಂಥ ವಸ್ತು ಮಾಡುವವರು ಇನ್ನೂ ಅಗ್ಗದ ಚಿಪ್ ಸಿಕ್ಕಿತೆಂದರೆ ಮರುದಿನವೇ ಚಿಪ್ ಬದಲಾಯಿಸುತ್ತಾರೆ. ಪ್ರತಿ ಸಲ ಸಿ ಪ್ಲಸ್ ಪ್ಲಸ್ ಕೋಡನ್ನು ಹೊಸ ಚಿಪ್ಪಿಗೆ ಒಗ್ಗಿಸುತ್ತಾ ಕೂತರೆ ಕೆಲಸ ಮುಗಿಯುವುದು ಯಾವಾಗ? ಹಾಗಾಗಿ ಗಾಸ್ಲಿಂಗ್ ಹೊಸ ಭಾಷೆಯನ್ನೇ ಮಾಡಿದರು. ಆಫೀಸಿನ ಕಿಟಕಿಯಾಚೆ ಇದ್ದ ಓಕ್ ಮರದ ಹೆಸರನ್ನೇ ಅದಕ್ಕೆ ಇಟ್ಟರು. 1992ರಲ್ಲಿ ಸ್ಟಾರ್ ಸೆವೆನ್ ಅನ್ನುವ ಟಚ್‌ಸ್ಕ್ರೀನ್ ಪೆಟ್ಟಿಗೆ ತಯಾರಾಯಿತು. ಅದರ ಪರದೆಯ ಮೇಲೆ ಕೈಬೀಸುತ್ತಿದ್ದ ಕೆಂಪು ಮೂಗಿನ ಡ್ಯೂಕ್ ಅನ್ನುವ ಗೊಂಬೆ ಇವತ್ತಿಗೂ ಜಾವಾದ ಗುರುತು.

ಪೆಟ್ಟಿಗೆ ಮಾರಾಟಕ್ಕೆ ಬರಲೇ ಇಲ್ಲ. ಟಿವಿಯ ಸೆಟ್‌ಟಾಪ್ ಬಾಕ್ಸ್ ಕಡೆ ಹೋದರು, ಅದೂ ಕೈತಪ್ಪಿತು. ಓಕ್ ಅನ್ನುವ ಹೆಸರು ಆಗಲೇ ಬೇರೆಯವರ ಟ್ರೇಡ್‌ಮಾರ್ಕ್ ಆಗಿತ್ತು, ಅದನ್ನೂ ಬಿಟ್ಟು ಜಾವಾ ಅಂತ ಇಟ್ಟರು. ಅಷ್ಟು ಹೊತ್ತಿಗೆ ವೆಬ್ ಬಂದಿತ್ತು. 1995ರ ಮೇ 23ರಂದು ಜಾವಾ ಹೊರಬಿತ್ತು, ನೆಟ್‌ಸ್ಕೇಪ್ ಬ್ರೌಸರ್ ಅದನ್ನು ಹೊತ್ತುಕೊಂಡಿತು. ರಿಮೋಟ್ ಕಂಟ್ರೋಲ್‌ಗೆ ಅಂತ ಮಾಡಿದ ಭಾಷೆ ವೆಬ್ ಪುಟದಲ್ಲಿ ಕುಣಿಯುವ ಚಿತ್ರಗಳಿಂದ ಹೆಸರು ಮಾಡಿತು. (ಜಾವಾಸ್ಕ್ರಿಪ್ಟ್ ಇದರ ತಮ್ಮ ಅಲ್ಲ, ದಾಯಾದಿಯೂ ಅಲ್ಲ. ಅದೇ ವರ್ಷ ನೆಟ್‌ಸ್ಕೇಪ್‌ನಲ್ಲಿ ಹುಟ್ಟಿದ ಬೇರೆ ಭಾಷೆ, ಗಾಳಿ ಬಂದಾಗ ತೂರಿಕೋ ಅಂತ ಹೆಸರು ಮಾತ್ರ ಇದರದ್ದು ಎರವಲು ತಗೊಂಡರು. ಇವತ್ತಿಗೂ ಕೆಲಸಕ್ಕೆ ಆಳು ಹುಡುಕುವವರು ಎರಡನ್ನೂ ಒಂದೇ ಅಂದುಕೊಂಡು ಫೋನ್ ಮಾಡುತ್ತಾರೆ.)

ಚಿಪ್ ಬದಲಾದರೂ ಕೋಡ್ ಬದಲಾಗಬಾರದು ಅನ್ನುವುದಕ್ಕೆ ಅವರು ಕಂಡುಕೊಂಡ ಉಪಾಯ ಸರಳ. ನಡುವೆ ಒಂದು ಸುಳ್ಳು ಕಂಪ್ಯೂಟರ್ ಇಡುವುದು. ಅದೇ ವರ್ಚುವಲ್ ಮಷಿನ್. ನಾವು ಬರೆದದ್ದು ನಿಜವಾದ ಚಿಪ್ಪಿನ ಭಾಷೆಗೆ ಬದಲು ಈ ಸುಳ್ಳು ಕಂಪ್ಯೂಟರಿನ ಬೈಟ್‌ಕೋಡ್‌ಗೆ ತಿರುಗುತ್ತದೆ. ಆ ಬೈಟ್‌ಕೋಡ್ ಕೂತಿರುವ ಯಾವುದಾದರೂ ಕ್ಲಾಸ್ ಫೈಲನ್ನು, ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ನೋಡಿ. ಮೊದಲ ನಾಲ್ಕು ಬೈಟ್ ಯಾವಾಗಲೂ ಒಂದೇ, ಓದಿದರೆ "ಕೆಫೆ ಬೇಬ್" ಅಂತ ಬರುತ್ತದೆ. ಹೆಕ್ಸ್ ಅನ್ನುವ 16ರ ಲೆಕ್ಕದಲ್ಲಿ ಎ ಯಿಂದ ಎಫ್ ವರೆಗಿನ ಅಕ್ಷರಗಳೂ ಅಂಕಿಗಳೇ ಅಲ್ವಾ, ಅದರಲ್ಲೇ ಪದ ಕಟ್ಟಿದ್ದಾರೆ, ತುಂಟರು. ಎರಡು ಸಂಖ್ಯೆ ಕೂಡಿಸಿ ಕೊಡುವ ಒಂದು ಸಣ್ಣ ಸ್ಟ್ಯಾಟಿಕ್ ಮೆಥಡ್ (ಹೆಸರಿಟ್ಟ ಆದೇಶಗಳ ಕಟ್ಟು) ಬರೆದು ಒಳಗೆ ಹುಡುಕಿದರೆ ಸಿಗುವುದು ನಾಲ್ಕೇ ಬೈಟ್: 26, 27, 96, 172. ಮೊದಲನೆಯದನ್ನು ಎತ್ತಿಕೋ, ಎರಡನೆಯದನ್ನು ಎತ್ತಿಕೋ, ಕೂಡಿಸು, ವಾಪಸ್ ಕೊಡು. ಇಂಟೆಲ್ ಆಗಲಿ ಆರ್ಮ್ ಆಗಲಿ, ಈ ನಾಲ್ಕು ಬೈಟ್ ಬದಲಾಗುವುದಿಲ್ಲ. ಇದನ್ನು ಮೊದಲ ಸಲ ಕಣ್ಣಾರೆ ನೋಡಿದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ.

"ಒಮ್ಮೆ ಬರೆ, ಎಲ್ಲೆಡೆ ಓಡಿಸು" ಅಂತ ಸನ್‌ನವರು ಡಂಗುರ ಸಾರಿದ್ದು ಇದೇ ಧೈರ್ಯದ ಮೇಲೆ. "ಒಮ್ಮೆ ಬರೆ, ಎಲ್ಲೆಡೆ ಡೀಬಗ್ ಮಾಡು", ಅಂದರೆ ತಪ್ಪು ಹುಡುಕಿ ತಿದ್ದು, ಅಂತ ಪ್ರೋಗ್ರಾಮರ್‌ಗಳು ಅದನ್ನು ತಿದ್ದಿದರು. ಎರಡೂ ನಿಜ.

ನನ್ನ ಡೀಬಗ್ಗಿನ ಪಾಲು ಶುರುವಾದದ್ದು ಕೀಪ್ಯಾಡ್ ಫೋನ್‌ನಿಂದ. ಅದಕ್ಕಿದ್ದ ಜಾವಾಗೆ ಜೆ2ಎಂಇ ಅಂತ ಹೆಸರು. ಒಳಗಿನ ವರ್ಚುವಲ್ ಮಷಿನ್ ಹೆಸರು ಕೆವಿಎಂ, ಕೆ ಅಂದರೆ ಕಿಲೋಬೈಟ್. ಹೆಸರಿನಲ್ಲೇ ಬಡತನ ಒಪ್ಪಿಕೊಂಡಿತ್ತು ಪಾಪ. ಮೊದಲ ಆವೃತ್ತಿಯಲ್ಲಿ ದಶಮಾಂಶವೇ ಇಲ್ಲ! ಫ್ಲೋಟ್ ಅಂತ ಬರೆದರೆ ತಳ್ಳಿಹಾಕುತ್ತಿತ್ತು. ನಾನು ಬರೆಯುತ್ತಿದ್ದದ್ದು ಚೆಂಡು ಪುಟಿಯುವ ಆಟ. ಚೆಂಡಿನ ವೇಗ 1.5 ಅಂತ ಇಡಬೇಕು, ಹೇಗೆ? ಎಲ್ಲ ಸಂಖ್ಯೆಯನ್ನೂ 256ರಿಂದ ಗುಣಿಸಿ ಇಟ್ಟುಕೊಳ್ಳುವುದು. 1.5 ಬದಲು 384. ಪರದೆ ಮೇಲೆ ಬಿಡಿಸುವ ಹೊತ್ತಿಗೆ 8 ಬಿಟ್ ಬಲಕ್ಕೆ ಸರಿಸಿದರೆ ಪೂರ್ಣ ಸಂಖ್ಯೆ ಸಿಗುತ್ತದೆ. ಸೈನ್, ಕೊಸೈನ್ ಬೇಕಾದರೆ ಮೊದಲೇ ಲೆಕ್ಕ ಹಾಕಿ ಒಂದು ಅರೇಯಲ್ಲಿ, ಅಂದರೆ ಸಾಲಾಗಿ ಬೆಲೆಗಳನ್ನಿಡುವ ಪಟ್ಟಿಯಲ್ಲಿ, ತುಂಬಿಡುವುದು. ಈ ಲೆಕ್ಕಾಚಾರಕ್ಕೆ ಅಂತಲೇ ಒಂದು ಕ್ಲಾಸ್ (ಒಂದು ಕೆಲಸಕ್ಕೆ ಬೇಕಾದ ಕೋಡಿನ ಕಂತೆ) ಬರೆದಿದ್ದೆ. ಅದರ ವಿಷಯ ಕೊನೆಯಲ್ಲಿ ಮತ್ತೆ ಬರುತ್ತದೆ.

ಕ್ಲಾಸು, ಚಿತ್ರ ಎಲ್ಲ ಸೇರಿಸಿ ಕಟ್ಟಿದ ಆಟದ ಜಾರ್ ಫೈಲ್ 64 ಕಿಲೋಬೈಟ್ ಮೀರಿದರೆ ಆಗಿನ ಎಷ್ಟೋ ಫೋನ್‌ಗಳು ಇನ್‌ಸ್ಟಾಲ್ ಮಾಡಿಕೊಳ್ಳುತ್ತಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುವ ಮಾತು ನನಗೆ ಅರ್ಥವಾದದ್ದು ಇಲ್ಲೇ. ಪ್ರತಿಯೊಂದು ಚಿತ್ರಕ್ಕೂ ಬೇರೆ ಬೇರೆ ಪಿಎನ್‌ಜಿ ಇದ್ದರೆ ಪ್ರತಿ ಫೈಲಿನ ತಲೆಬರಹಕ್ಕೇ ಜಾಗ ದಂಡ. ಹಾಗಾಗಿ ಎಲ್ಲ ಚಿತ್ರ ಒಂದೇ ಉದ್ದ ಪಟ್ಟಿಯಲ್ಲಿ ಅಂಟಿಸಿ, ಬೇಕಾದ ತುಂಡು ಮಾತ್ರ ಕಾಣುವ ಹಾಗೆ ಬಿಡಿಸುತ್ತಿದ್ದೆವು. ಪ್ರತಿ ಕ್ಲಾಸಿಗೂ ಇಂತಿಷ್ಟು ಅಂತ ಹೆಚ್ಚುವರಿ ಬೈಟ್ ಬೀಳುತ್ತದೆ, ಅದಕ್ಕೆ ಹತ್ತು ಕ್ಲಾಸ್ ಇದ್ದದ್ದನ್ನು ಮೂರಕ್ಕೆ ಇಳಿಸಿದೆವು. ಕಲಿಯುವಾಗ ಆಬ್ಜೆಕ್ಟ್ ಓರಿಯೆಂಟೆಡ್ ಅಂತ ನಾಯಿ ಬೆಕ್ಕು ಪ್ರಾಣಿ ಅಂತ ಕ್ಲಾಸ್ ಮೇಲೆ ಕ್ಲಾಸ್ ಬರೆಸಿದ್ದರು. ಇಲ್ಲಿ ನೋಡಿದರೆ ಶತ್ರು, ಗೋಡೆ, ಚೆಂಡು ಎಲ್ಲ ಒಂದೇ ಕ್ಲಾಸಿನಲ್ಲಿ ಸಂತೆ ಹಾಕಿಕೊಂಡಿವೆ. ಕೊನೆಗೆ ಆಬ್‌ಫಸ್ಕೇಟರ್ ಹಾಕಿ ಎಲ್ಲ ಹೆಸರನ್ನೂ ಎ, ಬಿ, ಸಿ ಅಂತ ಒಂದಕ್ಷರಕ್ಕೆ ಇಳಿಸುವುದು. ಕೋಡ್ ಕದಿಯಬಾರದು ಅಂತ ಅಲ್ಲ, ನಮ್ಮ ಆಟ ಕದಿಯುವವರು ಯಾರು! ಹೆಸರುಗಳೂ ಬೈಟ್ ತಿನ್ನುತ್ತವೆ, ಅದಕ್ಕೆ.

ಮೇನ್ ಬದಲು ಅಲ್ಲಿದ್ದದ್ದು ಸ್ಟಾರ್ಟ್ಆ್ಯಪ್, ಪಾಸ್ಆ್ಯಪ್, ಡಿಸ್ಟ್ರಾಯ್ಆ್ಯಪ್ ಅನ್ನುವ ಮೂರು ಮೆಥಡ್. ಇವನ್ನು ನಾವು ಕರೆಯುವ ಹಾಗಿಲ್ಲ, ಫೋನ್ ಕರೆಯುತ್ತದೆ. ಕಾಲ್ ಬಂದರೆ ಫೋನ್ ನಮ್ಮ ಪಾಸ್ಆ್ಯಪ್ ಕರೆಯಬೇಕು, ನಾವು ಆಟ ನಿಲ್ಲಿಸಬೇಕು. ಪುಸ್ತಕದಲ್ಲಿ ಹಾಗಂತ ಇತ್ತು. ಒಂದು ಮಾಡೆಲ್ ಫೋನ್ ಮಾತ್ರ ಅದನ್ನು ಕರೆಯಲೇ ಇಲ್ಲ. ಪರದೆ ಮುಚ್ಚಿತು ಅಂತ ಚಿತ್ರ ಬಿಡಿಸುವ ಕ್ಯಾನ್ವಾಸ್‌ಗೆ ಬೇರೆ ದಾರಿಯಲ್ಲಿ ಒಂದು ಮಾತು ಹೇಳಿ ಸುಮ್ಮನಾಗುತ್ತಿತ್ತು. ನಾನು ಆ ಮಾತಿಗೆ ಕಿವಿಗೊಟ್ಟಿರಲಿಲ್ಲ. ಆಡುವವರು ಕಾಲ್ ಮುಗಿಸಿ ಬಂದು ನೋಡಿದರೆ ಆಟದಲ್ಲಿ ಅವರು ಸತ್ತು ಎರಡು ನಿಮಿಷ ಆಗಿರುತ್ತಿತ್ತು. ಇದನ್ನು ಹಿಡಿಯಲು ನಾನು ಆ ಫೋನಿಗೆ ಇನ್ನೊಂದು ಫೋನಿನಿಂದ ಇಡೀ ದಿನ ಮಿಸ್ಡ್ ಕಾಲ್ ಕೊಟ್ಟುಕೊಂಡು ಕೂತಿದ್ದೆ.

ಆವತ್ತು ಹೊಳೆದದ್ದೇ ಮುಂದೆಯೂ ಕೈಹಿಡಿಯಿತು. ಮೇನ್ ಇದ್ದರೆ ನೀವು ಸ್ವಂತ ಮನೆಯವರು. ಇಲ್ಲದಿದ್ದರೆ ಬಾಡಿಗೆಗೆ ಇದ್ದೀರಿ. ಮನೆ ಯಾರದ್ದು, ಯಾವಾಗ ಎಬ್ಬಿಸುತ್ತಾರೆ, ಯಾವಾಗ ಹೊರಗೆ ಹಾಕುತ್ತಾರೆ, ಹಾಕುವಾಗ ನಮ್ಮ ಸಾಮಾನು ಏನಾಗುತ್ತದೆ, ಇಷ್ಟು ಕೇಳಿಕೊಳ್ಳದೆ ಒಂದು ಸಾಲೂ ಬರೆಯಬಾರದು.

ಕಾರ್ಡಿನ ಮನೆ ಎಲ್ಲಕ್ಕಿಂತ ವಿಚಿತ್ರ. ಬ್ಯಾಂಕ್ ಕಾರ್ಡಿನ ಮೇಲೆ ಚಿನ್ನದ ಬಣ್ಣದ ಒಂದು ಸಣ್ಣ ಚೌಕ ಇರುತ್ತದಲ್ಲ, ಅದರ ಕೆಳಗೆ ಒಂದು ಪುಟಾಣಿ ಕಂಪ್ಯೂಟರ್ ಇದೆ. ಸಿಮ್ ಕಾರ್ಡಿನಲ್ಲೂ ಅಷ್ಟೇ. ಬಹಳಷ್ಟು ಕಾರ್ಡ್‌ಗಳಲ್ಲಿ ಓಡುವುದು 1996ರಲ್ಲಿ ಶುರುವಾದ ಜಾವಾ ಕಾರ್ಡ್ ಅನ್ನುವ ಕುಳ್ಳ ಜಾವಾ. ನಮ್ಮ ಫೋನಿನಲ್ಲಿ ಜಾವಾ ಇಲ್ಲ ಅಂತ ಹೆಮ್ಮೆಯಿಂದ ಹೇಳುವವರ ಫೋನಿನ ಸಿಮ್ಮಿನೊಳಗೇ ಅದು ತಣ್ಣಗೆ ಕೂತಿರುವುದುಂಟು.

ಏನೇನಿಲ್ಲ ಅಂತ ಹೇಳುವುದೇ ಸುಲಭ. ಅಕ್ಷರಗಳ ಸಾಲು ಹಿಡಿಯುವ ಸ್ಟ್ರಿಂಗ್ ಇಲ್ಲ. ಒಟ್ಟೊಟ್ಟಿಗೆ ಹಲವು ಕೆಲಸ ಓಡಿಸುವ ಥ್ರೆಡ್ ಇಲ್ಲ. ಫ್ಲೋಟ್ ಇಲ್ಲವೇ ಇಲ್ಲ. ಮಾಮೂಲಿ ಪೂರ್ಣ ಸಂಖ್ಯೆಯ 32 ಬಿಟ್‌ನ ಇಂಟ್ ಕೂಡ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಕಾರ್ಡ್ ಮಾಡಿದವರ ಇಷ್ಟ. ದಿನನಿತ್ಯದ ಲೆಕ್ಕವೆಲ್ಲ 16 ಬಿಟ್‌ನ ಶಾರ್ಟ್‌ನಲ್ಲಿ. ಎರಡು ಶಾರ್ಟ್ ಕೂಡಿಸಿದರೆ ಜಾವಾ ನಿಯಮದ ಪ್ರಕಾರ ಇಂಟ್ ಆಗುತ್ತದೆ, ಆದ್ದರಿಂದ ಪ್ರತಿ ಸಲ ಕೂಡಿಸಿದಾಗಲೂ "ಇದು ಶಾರ್ಟೇ ಕಣಪ್ಪಾ" ಅಂತ ಬ್ರ್ಯಾಕೆಟ್‌ನಲ್ಲಿ ಹೇಳಬೇಕು. ನನ್ನ ಹಳೆಯ ಕಾರ್ಡ್ ಕೋಡ್ ನೋಡಿದರೆ ಅರ್ಧ ಪುಟ ಬರೀ ಶಾರ್ಟ್ ಶಾರ್ಟ್ ಶಾರ್ಟ್. ಮೇಲೆ ಹೇಳಿದ 26, 27, 96, 172 ಅನ್ನುವ ಆ ನಾಲ್ಕು ಬೈಟೂ ಇಲ್ಲಿಗೆ ಬರುವ ಹೊತ್ತಿಗೆ ಬೇರೆಯಾಗಿರುತ್ತವೆ. ಕ್ಲಾಸ್ ಫೈಲನ್ನು ಕಾರ್ಡ್ ಹಾಗೇ ನುಂಗುವುದಿಲ್ಲ, ಕನ್ವರ್ಟರ್ ಅದನ್ನು ಅರೆದು ತನ್ನದೇ ಬೈಟ್‌ಕೋಡಿಗೆ ಇಳಿಸಿ ಕೊಡಬೇಕು.

ಇನ್ನೊಂದು ವಿಷಯ ನನ್ನ ಮಟ್ಟಿಗೆ ಜಾವಾದಲ್ಲೇ ತುಂಬಾ ಚೆಂದದ್ದು. ಕಾರ್ಡಿನ ವರ್ಚುವಲ್ ಮಷಿನ್ ಸಾಯುವುದಿಲ್ಲ. ಕಾರ್ಡನ್ನು ರೀಡರ್‌ನಿಂದ ಎಳೆದರೆ ಕರೆಂಟ್ ಹೋಗುತ್ತದೆ, ಅಷ್ಟೇ. ಅದು ನಿದ್ದೆ. ಮತ್ತೆ ಹಾಕಿದರೆ ಎಚ್ಚರ. ನ್ಯೂ ಅಂತ ಬರೆದು ಕ್ಲಾಸಿನಿಂದ ಮಾಡಿದ ವಸ್ತು, ಅಂದರೆ ಆಬ್ಜೆಕ್ಟ್, ರ‍್ಯಾಮ್‌ನಲ್ಲಿ ಇರುವುದಿಲ್ಲ, ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ ಇರುತ್ತದೆ. ಆಬ್ಜೆಕ್ಟ್ ಕಟ್ಟುವ ಕನ್‌ಸ್ಟ್ರಕ್ಟರ್ ಒಂದೇ ಸಲ, ಆ್ಯಪ್ಲೆಟ್ (ಕಾರ್ಡಿನ ಪುಟ್ಟ ಪ್ರೋಗ್ರಾಂ) ಇನ್‌ಸ್ಟಾಲ್ ಆದ ದಿನ ಓಡುತ್ತದೆ. ಆಮೇಲೆ ಐದಾರು ವರ್ಷ ಕಾರ್ಡ್ ಪರ್ಸಿನಲ್ಲಿ ಬಿದ್ದಿದ್ದರೂ ಅದೇ ಆಬ್ಜೆಕ್ಟ್, ಅದೇ ಫೀಲ್ಡ್ (ಬೆಲೆ ಇಡುವ ಗೂಡು), ಅದೇ ಬೆಲೆ. ಡೇಟಾಬೇಸ್ ಬೇಡ, ಫೈಲ್ ಬೇಡ. ಕ್ಲಾಸಿನಲ್ಲಿ ಕೌಂಟ್ ಅಂತ ಒಂದು ಫೀಲ್ಡ್ ಇಟ್ಟರೆ ಅದು ಕಾರ್ಡ್ ಇರುವವರೆಗೂ ಇರುತ್ತದೆ.

ಚೆಂದ ಅಂದೆನಲ್ಲ, ಅದೇ ನನಗೆ ಮುಳುವಾಯಿತು. ಪ್ರತಿ ಸಲ ರೀಡರ್ ಒಂದು ಆದೇಶ ಕಳಿಸಿದಾಗ ಕಾರ್ಡ್ ನಮ್ಮ ಪ್ರೋಸೆಸ್ ಮೆಥಡ್ ಕರೆಯುತ್ತದೆ. ಅದರೊಳಗೆ ಉತ್ತರ ಸೇರಿಸಿಡಲು 64 ಬೈಟಿನ ಒಂದು ಅರೇ ಬೇಕಿತ್ತು. ಬೇರೆ ಕಡೆ ಬರೆಯುವ ಹಾಗೆ ನ್ಯೂ ಅಂತ ಬರೆದೆ. ಸಿಮ್ಯುಲೇಟರ್‌ನಲ್ಲಿ ಎಲ್ಲ ಸರಿ. ನಿಜವಾದ ಕಾರ್ಡಿನಲ್ಲೂ ಸರಿ. ಟೆಸ್ಟ್ ಮಾಡುವವರ ಕೈಗೆ ಹೋಯಿತು. ಎರಡು ದಿನ ಬಿಟ್ಟು ವಾಪಸ್ ಬಂತು. ಏನು ಕೇಳಿದರೂ ಕಾರ್ಡಿನದು ಒಂದೇ ಉತ್ತರ: 6ಎಫ್00. ಏನೋ ಆಯ್ತು, ಏನಾಯ್ತು ಅಂತ ಹೇಳಲ್ಲ ಅನ್ನುವುದು ಅದರ ಅರ್ಥ. ಹೊಸ ಕಾರ್ಡ್ ಕೊಟ್ಟೆ, ಅದೂ ಎರಡು ದಿನಕ್ಕೆ ಅದೇ ಕಥೆ. ಕಾರ್ಡ್‌ಗಳೇ ಕೆಟ್ಟವು ಇರಬೇಕು ಅಂತ ಒಂದು ವಾರ ವಾದ ಮಾಡಿದೆ. ನಾಚಿಕೆಯಾಗುತ್ತದೆ ಈಗ. ಆ ಕಾರ್ಡಿನಲ್ಲಿ, ಬಳಸಿ ಬಿಟ್ಟ ಮೆಮೊರಿ ವಾಪಸ್ ತರುವ ಗಾರ್ಬೇಜ್ ಕಲೆಕ್ಟರ್ ಇರಲಿಲ್ಲ. ಪ್ರತಿ ಆದೇಶಕ್ಕೂ 64 ಬೈಟ್ ಅಳಿಯದ ಮೆಮೊರಿಯಿಂದ ಹೋಗುತ್ತಿತ್ತು, ವಾಪಸ್ ಬರುತ್ತಿರಲಿಲ್ಲ. ಟೆಸ್ಟ್ ಮಾಡುವವರು ಶ್ರದ್ಧೆಯಿಂದ ಕೆಲವು ನೂರು ಸಲ ಓಡಿಸಿದ್ದಾರೆ, ಕಾರ್ಡ್ ತುಂಬಿದೆ, ಅಷ್ಟೇ. ಸಿಮ್ಯುಲೇಟರನ್ನು ನಾನು ಪ್ರತಿ ಸಲ ಹೊಸದಾಗಿ ಶುರು ಮಾಡುತ್ತಿದ್ದೆ, ಹಾಗಾಗಿ ಅಲ್ಲಿ ತುಂಬಲೇ ಇಲ್ಲ. ಸರಿಪಡಿಸಲು ಒಂದೇ ಸಾಲು ಸಾಕಾಯಿತು. ಇನ್‌ಸ್ಟಾಲ್ ಹೊತ್ತಿಗೇ ಒಂದೇ ಒಂದು ಅರೇಯನ್ನು ರ‍್ಯಾಮ್‌ನಲ್ಲಿ ಕೇಳಿ ಇಟ್ಟುಕೊಂಡು ಕೊನೆಯವರೆಗೂ ಅದನ್ನೇ ಬಳಸುವುದು.

ಕಾರ್ಡನ್ನು ಅರ್ಧ ಕೆಲಸದಲ್ಲಿ ಎಳೆದುಬಿಟ್ಟರೆ? ಬ್ಯಾಲೆನ್ಸ್ ಕಡಿಮೆ ಆಗಿದೆ, ಲೆಕ್ಕ ಬರೆದಿಲ್ಲ, ಅಷ್ಟರಲ್ಲಿ ಕರೆಂಟ್ ಹೋಯಿತು. ಅದಕ್ಕೂ ಅಲ್ಲಿ ಬಿಗಿನ್ ಟ್ರಾನ್ಸಾಕ್ಷನ್, ಕಮಿಟ್ ಟ್ರಾನ್ಸಾಕ್ಷನ್ ಇವೆ. ನಡುವೆ ಎಳೆದರೆ ಮುಂದಿನ ಸಲ ಎದ್ದಾಗ ಹಳೆಯ ಬೆಲೆಗಳೇ ಇರುತ್ತವೆ. ಡೇಟಾಬೇಸ್‌ನವರು ದೊಡ್ಡದಾಗಿ ಹೇಳಿಕೊಳ್ಳುವ ವಿದ್ಯೆಯನ್ನು ಉಗುರಿನಷ್ಟು ಚಿಪ್ ಸದ್ದಿಲ್ಲದೆ ಮಾಡುತ್ತದೆ.

ಇಂಥ ಕಡೆಯಿಂದ ಸರ್ವರ್‌ಗೆ ಬಂದರೆ ಹಳ್ಳದಲ್ಲಿ ಈಜಿದವನು ಕೆರೆಗೆ ಬಿದ್ದ ಹಾಗೆ. ರ‍್ಯಾಮ್ ಗಿಗಾಬೈಟ್ ಲೆಕ್ಕದಲ್ಲಿ. ನ್ಯೂ ಅಂತ ಎಷ್ಟು ಬೇಕಾದರೂ ಬರಿ, ಗಾರ್ಬೇಜ್ ಕಲೆಕ್ಟರ್ ಹಿಂದಿನಿಂದ ಗುಡಿಸಿಕೊಂಡು ಬರುತ್ತದೆ. ನಾನು ಸರ್ವ್‌ಲೆಟ್, ಅಂದರೆ ವೆಬ್ ಪುಟ ಕೇಳಿದವರಿಗೆ ಉತ್ತರ ಕೊಡುವ ಕ್ಲಾಸ್, ಬರೆದೆ. ಲಾಗಿನ್ ಆದವರ ಹೆಸರನ್ನು ಕ್ಲಾಸಿನ ಫೀಲ್ಡ್‌ನಲ್ಲಿ ಇಟ್ಟೆ, ಕಾರ್ಡಿನ ಅಭ್ಯಾಸ. ಒಬ್ಬನೇ ಟೆಸ್ಟ್ ಮಾಡಿದಾಗ ಅಚ್ಚುಕಟ್ಟು. ಇಬ್ಬರು ಒಟ್ಟಿಗೆ ಬಂದಾಗ ಒಬ್ಬರ ಪುಟದಲ್ಲಿ ಇನ್ನೊಬ್ಬರ ಹೆಸರು! ಕಾರ್ಡಿನಲ್ಲಿ ಆ ಆಬ್ಜೆಕ್ಟ್ ಒಬ್ಬರ ಸ್ವತ್ತು. ಸರ್ವರ್‌ನಲ್ಲಿ ಸರ್ವ್‌ಲೆಟ್ ಆಬ್ಜೆಕ್ಟ್ ಒಂದೇ, ಬರುವವರು ಸಾವಿರ, ಎಲ್ಲ ಥ್ರೆಡ್‌ಗಳೂ ಅದೇ ಫೀಲ್ಡನ್ನು ಮುಟ್ಟುತ್ತವೆ. ಸಾರ್ವಜನಿಕ ನಲ್ಲಿಯಲ್ಲಿ ನನ್ನ ಬಿಂದಿಗೆ ಇಟ್ಟು ಬಂದಿದ್ದೆ.

ಸರ್ವರ್‌ನಲ್ಲಿ ಜಾವಾ ನಿಜಕ್ಕೂ ಗಟ್ಟಿ. ಮೊದಲು ಮೊದಲು ನಿಧಾನ ಅಂತ ಬೈಸಿಕೊಳ್ಳುತ್ತಿತ್ತು. 1999ರಲ್ಲಿ ಹಾಟ್‌ಸ್ಪಾಟ್ ಬಂದ ಮೇಲೆ ಆ ಮಾತು ಕಡಿಮೆಯಾಯಿತು. ಪದೇ ಪದೇ ಓಡುವ ಮೆಥಡ್ ಯಾವುದು ಅಂತ ಗಮನಿಸಿ, ಓಡುತ್ತಿರುವಾಗಲೇ ಅದನ್ನು ಚಿಪ್ಪಿನ ಸ್ವಂತ ಭಾಷೆಗೆ ಇಳಿಸುವುದು ಅದರ ಕೆಲಸ. ಹಾಗಾಗಿ ಜಾವಾ ಸರ್ವರ್ ಬೆಳಿಗ್ಗೆ ಎದ್ದ ಮನುಷ್ಯನ ಹಾಗೆ, ಮೊದಲ ಸ್ವಲ್ಪ ಹೊತ್ತು ಮಂಪರು, ಆಮೇಲೆ ಚುರುಕು. ರಾಶಿ ರಾಶಿ ಡೇಟಾ ಸಂಭಾಳಿಸುವ ಕ್ಯಾಸಾಂಡ್ರಾ, ಎಲಾಸ್ಟಿಕ್‌ಸರ್ಚ್, ಹಡೂಪ್ ಎಲ್ಲ ಜಾವಾದಲ್ಲಿ ಬರೆದವೇ. ಒಂದೇ ಯಂತ್ರವನ್ನು ಡಬ್ಬಿ ಡಬ್ಬಿಯಾಗಿ ಹಂಚುವ ಕಂಟೇನರ್‌ಗಳು ಬಂದಾಗ ಮಾತ್ರ ಸ್ವಲ್ಪ ಪೇಚಾಡಿತು. ಹಳೆಯ ಜೆವಿಎಂಗೆ (ಜಾವಾದ ವರ್ಚುವಲ್ ಮಷಿನ್) ತಾನು ಸಣ್ಣ ಡಬ್ಬಿಯೊಳಗೆ ಇದ್ದೇನೆ ಅಂತ ಗೊತ್ತಾಗುತ್ತಿರಲಿಲ್ಲ. ಇಡೀ ಯಂತ್ರದ ಮೆಮೊರಿ ನೋಡಿ ಅದರ ಕಾಲು ಭಾಗ ತನ್ನದು ಅಂತ ಲೆಕ್ಕ ಹಾಕಿಕೊಳ್ಳುತ್ತಿತ್ತು. ಮಿತಿ ಮೀರಿದ ತಕ್ಷಣ ಆಪರೇಟಿಂಗ್ ಸಿಸ್ಟಂ ಕತ್ತು ಹಿಸುಕುತ್ತಿತ್ತು. ಲಾಗ್‌ನಲ್ಲಿ ಒಂದಕ್ಷರ ಇಲ್ಲ. ಜಾವಾ 10ರಲ್ಲಿ ಇದು ಸರಿಹೋಯಿತು.

"ಎಲ್ಲೆಡೆ ಒಂದೇ" ಅನ್ನುವ ಮಾತು ನಮ್ಮ ಅಕ್ಷರಗಳ ವಿಷಯದಲ್ಲಿ ಹೇಗೆ ನಡೆಯಿತು ಅಂತ ಒಂದು ಸಣ್ಣ ಪುರಾಣ ಹೇಳಲೇಬೇಕು. ಜಾವಾ ಶುರುವಿನಿಂದಲೇ ಎಲ್ಲ ಭಾಷೆಯ ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡ್ ಹಿಡಿದುಕೊಂಡಿತ್ತು, ಆ ಕಾಲಕ್ಕೆ ದೊಡ್ಡ ವಿಷಯ. ವೇರಿಯಬಲ್ ಹೆಸರನ್ನು ಕನ್ನಡದಲ್ಲಿ ಇಟ್ಟರೂ ಕಂಪೈಲ್ ಆಗುತ್ತದೆ. "ಕನ್ನಡ" ಅನ್ನುವ ಪದದ ಉದ್ದ ಕೇಳಿದರೆ 5 ಅನ್ನುತ್ತದೆ. ಕಣ್ಣಿಗೆ ಮೂರೇ ಅಕ್ಷರ. ಆದರೆ ಒಳಗೆ ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ ಅಂತ ಐದು. ಕ್ಯಾರೆಕ್ಟರ್ ಎಣಿಸಿ ಪದ ಕತ್ತರಿಸುವವರು ಒತ್ತಕ್ಷರದ ಕುತ್ತಿಗೆಗೇ ಕತ್ತರಿ ಹಾಕುವುದು ಹೀಗೆ. ಇಷ್ಟಾದರೂ ಇದು ಎಲ್ಲ ಯಂತ್ರದಲ್ಲೂ 5, ಹಾಗಾಗಿ ಮಾತು ಉಳಿಸಿಕೊಂಡಿತು ಅನ್ನೋಣ. ಮಾತು ತಪ್ಪಿದ್ದು ಫೈಲ್ ಓದಿ ಬರೆಯುವಲ್ಲಿ. ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಸೊಗಸಾಗಿ ಬರುತ್ತಿದ್ದ ಕನ್ನಡ, ವಿಂಡೋಸ್ ಯಂತ್ರದಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಎನ್‌ಕೋಡಿಂಗ್ (ಅಕ್ಷರವನ್ನು ಬೈಟ್ ಮಾಡುವ ರೀತಿ) ಯಾವುದು ಅಂತ ನಾವು ಹೇಳದಿದ್ದರೆ ಆಪರೇಟಿಂಗ್ ಸಿಸ್ಟಮ್ಮಿನದ್ದನ್ನು ತೆಗೆದುಕೊಳ್ಳುತ್ತಿತ್ತು. ಎಲ್ಲೆಡೆ ಯುಟಿಎಫ್-8 ಅನ್ನುವ ಒಂದೇ ಎನ್‌ಕೋಡಿಂಗ್ ಪೂರ್ವನಿಯೋಜಿತವಾಗಿ ಬಂದದ್ದು 2022ರ ಜಾವಾ 18ರಲ್ಲಿ. ಹುಟ್ಟಿ 27 ವರ್ಷಕ್ಕೆ!

ಆಂಡ್ರಾಯ್ಡ್ ಬಗ್ಗೆ ನಿಮಗೇ ಜಾಸ್ತಿ ಗೊತ್ತಿರಬಹುದು. ಬರೆಯುವುದು ಜಾವಾ, ಆದರೆ ಓಡಿಸುವುದು ಜೆವಿಎಂ ಅಲ್ಲ. ಕ್ಲಾಸ್ ಫೈಲನ್ನು ಡೆಕ್ಸ್ ಅನ್ನುವ ಬೇರೆ ರೂಪಕ್ಕೆ ತಿರುಗಿಸುತ್ತಾರೆ. ನಮ್ಮ 26, 27, 96, 172 ಇಲ್ಲಿ ಮತ್ತೆ ವೇಷ ಬದಲಿಸಿ "ಈ ಎರಡು ರಿಜಿಸ್ಟರ್ ಕೂಡಿಸಿ ಆ ರಿಜಿಸ್ಟರ್‌ನಲ್ಲಿ ಇಡು" ಅನ್ನುವ ಒಂದೇ ಆದೇಶ, ಆಮೇಲೆ ಒಂದು ರಿಟರ್ನ್. ಅದನ್ನು ಓಡಿಸಲು ಮೊದಲು ಡಾಲ್ವಿಕ್ ಅಂತ ಇತ್ತು, 2014ರ ಆಂಡ್ರಾಯ್ಡ್ 5ರಿಂದ ಆರ್ಟ್. 2010ರ ಜನವರಿಯಲ್ಲಿ ಸನ್ ಕಂಪನಿಯನ್ನು ಕೊಂಡ ಒರಾಕಲ್, ಅದೇ ಆಗಸ್ಟ್‌ನಲ್ಲಿ ಆಂಡ್ರಾಯ್ಡ್‌ನಲ್ಲಿ ಜಾವಾ ಬಳಸಿದ್ದಕ್ಕೆ ಗೂಗಲ್ ಮೇಲೆ ಕೇಸು ಹಾಕಿತು. ಅದು ಎಳೆದು ಎಳೆದು 2021ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-2ರಲ್ಲಿ ಗೂಗಲ್ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಆಂಡ್ರಾಯ್ಡ್‌ನವರು ಕಾಟ್ಲಿನ್ ಅನ್ನುವ ಬೇರೆ ಭಾಷೆಯ ಕಡೆ ವಾಲಿಯಾಗಿತ್ತು.

ನನಗೆ ಇಲ್ಲಿ ಬಿದ್ದ ಪೆಟ್ಟು ಮತ್ತದೇ ಫೀಲ್ಡಿನದ್ದು. ಕೌಂಟ್ ಅಂತ ಒಂದು ಫೀಲ್ಡ್, ಗುಂಡಿ ಒತ್ತಿದರೆ ಒಂದು ಏರುತ್ತದೆ. ಏಳರವರೆಗೆ ಒತ್ತಿ ಫೋನನ್ನು ಅಡ್ಡ ತಿರುಗಿಸಿದೆ. ಸೊನ್ನೆ! ಫೋನ್ ತಿರುಗಿದರೆ ಆಂಡ್ರಾಯ್ಡ್ ಹಳೆಯ ಆಕ್ಟಿವಿಟಿಯನ್ನು (ಪರದೆಯ ಹಿಂದಿರುವ ಆಬ್ಜೆಕ್ಟ್) ಬಿಸಾಕಿ ಹೊಸದು ಕಟ್ಟುತ್ತದೆ. ಕಾರ್ಡಿನಲ್ಲಿ ವರ್ಷಗಟ್ಟಲೆ ಅಲುಗಾಡದ ಫೀಲ್ಡ್, ಸರ್ವರ್‌ನಲ್ಲಿ ಊರವರೆಲ್ಲ ಮುಟ್ಟಿದ ಫೀಲ್ಡ್, ಇಲ್ಲಿ ಮಣಿಕಟ್ಟು ತಿರುಗಿಸಿದರೆ ಉದುರಿಹೋಗುತ್ತದೆ. ಬರೆದ ಸಾಲು ಮೂರೂ ಕಡೆ ಹೆಚ್ಚುಕಮ್ಮಿ ಒಂದೇ.

ಉಳಿದ ಕಡೆಗಳ ಬಗ್ಗೆ ನನ್ನ ಕೈ ಅಷ್ಟು ಪಳಗಿಲ್ಲ. ಬ್ಲೂರೇ ಡಿಸ್ಕ್‌ಗಳ ಮೆನು ಎಷ್ಟೋ ಸಲ ಜಾವಾ, ಅಲ್ಲಿ ಎಕ್ಸ್‌ಲೆಟ್ ಅನ್ನುತ್ತಾರೆ, ಮೇನ್ ಇಲ್ಲ. ಬ್ರೌಸರ್‌ನ ಆ್ಯಪ್ಲೆಟ್‌ಗಳಿಗೂ ಇರಲಿಲ್ಲ. ಅವನ್ನು 2017ರ ಜಾವಾ 9ರಲ್ಲಿ ಇನ್ನು ಬಳಸಬೇಡಿ ಅಂತ ಗುರುತು ಹಾಕಿ ಬದಿಗಿಟ್ಟರು, ಯಾರೂ ಅತ್ತ ಹಾಗೆ ಕಾಣಲಿಲ್ಲ. ಮಂಗಳ ಗ್ರಹದಲ್ಲೂ ಜಾವಾ ಇದೆ ಅಂತ ಹೇಳುವವರಿದ್ದಾರೆ. 2004ರಲ್ಲಿ ಇಳಿದ ರೋವರ್‌ಗಳ ದಿನದ ಕೆಲಸ ಯೋಜಿಸಲು ನಾಸಾದವರು ಭೂಮಿಯ ಮೇಲೆ ಬಳಸಿದ ತಂತ್ರಾಂಶದಲ್ಲಿ ಜಾವಾ ಇತ್ತು, ರೋವರ್‌ನ ಒಳಗೆ ಓಡಿದ್ದು ಸಿ. ಮೈನ್‌ಕ್ರಾಫ್ಟ್ ಡೆಸ್ಕ್‌ಟಾಪ್‌ನಲ್ಲಿ ಹುಟ್ಟಿದ್ದು ಜಾವಾದಲ್ಲೇ. ಅದಕ್ಕೆ ಮೇನ್ ಇದೆ, ಸ್ವಂತ ಮನೆ.

ಕಳೆದ ತಿಂಗಳು ಹಳೆಯ ಹಾರ್ಡ್ ಡಿಸ್ಕ್ ಗುಡಿಸುವಾಗ ಆ ಚೆಂಡಿನ ಆಟದ ಜಾರ್ ಸಿಕ್ಕಿತು. 62 ಕಿಲೋಬೈಟ್. ಜಾವಾ 25 ಹಾಕಿರುವ ಲ್ಯಾಪ್‌ಟಾಪ್‌ನಲ್ಲಿ ಓಡಿಸಲು ನೋಡಿದೆ. ಓಡಲಿಲ್ಲ, ಓಡುವುದೂ ಇಲ್ಲ. ಪರದೆ ಬಿಡಿಸುವ ಕ್ಲಾಸ್ ಫೋನಿನ ಲೈಬ್ರರಿ ಕೇಳುತ್ತದೆ, ಕೀ ಓದುವ ಕಡೆಯೂ ಅದೇ, ಸ್ಕೋರ್ ಉಳಿಸುವ ಕಡೆಯೂ ಅದೇ. ಆ ಫೋನೂ ಇಲ್ಲ, ಲೈಬ್ರರಿಯೂ ಇಲ್ಲ. ಒಳಗಿದ್ದ ಮೂರು ಕ್ಲಾಸಿನಲ್ಲಿ ಬಿ ಅನ್ನುವುದನ್ನು ಜಾವಾಪಿ ಅನ್ನುವ ಸಲಕರಣೆ ಹಾಕಿ ಬಿಚ್ಚಿ ನೋಡಿದೆ. ಸೈನ್ ಪಟ್ಟಿ, ಗುಣಾಕಾರ, ಭಾಗಾಕಾರ. ನಾನು ಬರೆದ 256ರ ಲೆಕ್ಕ. ಅದು ಯಾರನ್ನೂ ಏನೂ ಕೇಳುವುದಿಲ್ಲ, ಪರದೆಯನ್ನೂ ಮುಟ್ಟುವುದಿಲ್ಲ.

ಜಾವಾ 25ರಲ್ಲಿ ಪಬ್ಲಿಕ್ ಸ್ಟ್ಯಾಟಿಕ್ ಎಲ್ಲ ಬೇಡ, ಸುಮ್ನೆ ವಾಯ್ಡ್ ಮೇನ್ ಅಂದರೆ ಸಾಕು, ಕ್ಲಾಸ್ ಕೂಡ ಬರೆಯಬೇಕಿಲ್ಲ. ಮೂರು ಸಾಲಿನ ಒಂದು ಮೇನ್ ಬರೆದು ಬಿ ಕ್ಲಾಸನ್ನು ಪಕ್ಕದಲ್ಲಿಟ್ಟು, 1.5 ಇಂಟು 2 ಎಷ್ಟು ಅಂತ ಕೇಳಿದೆ. 384ನ್ನೂ 512ನ್ನೂ ಕೊಟ್ಟೆ. 768 ಅಂತ ಬಂತು. 256ರಿಂದ ಭಾಗಿಸಿದರೆ 3.